ಬುಧವಾರದ ಚೀಟಿ

ಅಂಗಿಯ ಜೇಬಿನಿಂದ ಜಾರಿದ ಮೂರನೆಯ ಚೀಟಿ ಬಕೆಟ್ಟಿನ ಸಾಬೂನು ನೀರಿಗೆ ಬೀಳುವ ಮೊದಲೇ ಮಾದೇವಿ ಅದನ್ನು ಹಿಡಿದುಕೊಂಡಳು. ಒದ್ದೆ ಬೆರಳು ತಾಗಿ ಶಾಯಿ ಹರಡಬಾರದೆಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೈಯನ್ನು ಸೆರಗಿಗೆ ಒರೆಸಿ, ಬಳಿಕ ಬಿಡಿಸಿ ನೋಡಿದಳು. ಮುಂಬದಿಯ ಜಗುಲಿಯಲ್ಲಿ ಗಂಡ ಶಾಂತಾರಾಮ ಗಂಜಿಯ ತಟ್ಟೆಯ ಮುಂದೆ ಕುಳಿತು ಯಾವುದೋ ಭಜನೆಯ ಸಾಲನ್ನು ಗುನುಗುತ್ತಿದ್ದ. ಆಷಾಢದ ಮಳೆ, ದೋಣಿಗಳೆಲ್ಲ ದಡ ಸೇರಿದ ಕಾಲ. ಇಂಥ ದಿನಗಳಲ್ಲಿ ಬಾಯಿಗೆ ಭಜನೆ ಬರುವಷ್ಟು ಸಂತೋಷ ಈ ಮನುಷ್ಯನಿಗೆ ಎಲ್ಲಿಂದ ಬಂತು ಎಂಬುದೇ ಅವಳ ಮನಸ್ಸಿಗೆ ಮೊದಲು ನೆಟ್ಟ ಮುಳ್ಳು.

ಶಾಲೆಯ ನೋಟುಪುಸ್ತಕದ ಹಾಳೆಯ ಕಾಲುಭಾಗ. ಅದರ ಮೇಲೆ ದಪ್ಪದಪ್ಪನೆಯ ಅಂಕಿಗಳು. ಸಾಲುಗಳು ಬಲಕ್ಕೆ ಹೋದಂತೆಲ್ಲ ಮೇಲಕ್ಕೆ ಏರಿದ್ದವು. ಮೊದಲ ಸಾಲಿನಲ್ಲಿ 32, ಒಂದು ಅಡ್ಡಗೆರೆ, ಆಮೇಲೆ 36. ಎರಡನೆಯ ಸಾಲಿನ ನಟ್ಟನಡುವೆ 27, ಅದರ ಎಡಬಲಕ್ಕೆ ಬರೀ ಗೆರೆ. ಮೂರನೆಯ ಸಾಲಿನಲ್ಲಿ ಮೂರೂ ಗೆರೆಗಳೇ. ಎಲ್ಲಕ್ಕಿಂತ ಕೆಳಗೆ, ಸುತ್ತು ಹಾಕಿದ 81. ಹಿಂದಿನ ಎರಡು ಬುಧವಾರಗಳ ಚೀಟಿಗಳೂ ಇದೇ ಅಚ್ಚಿನವು. ಅವನ್ನು ಅವಳು ನಕಲು ಮಾಡಿಕೊಂಡು ಮರಳಿ ಜೇಬಿಗೆ ಸೇರಿಸಿದ್ದಳು. ಇದನ್ನು ಸೇರಿಸಲಿಲ್ಲ, ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಅವರ ಊರು ಬೆಳಂಬಾರದಲ್ಲಾಗಲಿ ಅಂಕೋಲೆಯ ಪೇಟೆಯಲ್ಲಾಗಲಿ, ಎರಡೆರಡು ಸ್ಥಾನದ ಅಂಕಿಗಳಿರುವ ಚೀಟಿ ಗಂಡಸಿನ ಜೇಬಿನಲ್ಲಿ ಸಿಕ್ಕರೆ ಅದು ಏನೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಓಸಿ. ನೂರರೊಳಗಿನ ಒಂದು ಅಂಕಿಯನ್ನು ಚೀಟಿಯಲ್ಲಿ ಬರೆಸಿ, ಎಲ್ಲಿಯೋ ದೂರದ ಊರಿನಲ್ಲಿ ಯಾರೋ ತೆಗೆಯುವ ಅಂಕಿಯೂ ಅದೇ ಆಗಲೆಂದು ಉಸಿರು ಬಿಗಿಹಿಡಿದು ಕಾಯುವ ಜೂಜು. ಶಾಂತಾರಾಮನ ಕೈ ಒಂದು ಕಾಲಕ್ಕೆ ಆ ರುಚಿ ಕಂಡಿತ್ತು. ಮಾದೇವಿಗೆ ತವರಿನವರು ಹಾಕಿದ ಸರ ಆ ದಿನಗಳಲ್ಲಿಯೇ ಅವಳ ಕೊರಳು ಬಿಟ್ಟು ಹೋಗಿತ್ತು.

ಏಳು ವರ್ಷಗಳ ಹಿಂದೆ ಊರ ಅಮ್ಮನವರ ಗುಡಿಯಲ್ಲಿ ಅವನು ತೆಂಗಿನಕಾಯಿಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದ. ಪೂಜೆ ನಡೆಸುವ ರಾಮಾ ಗುನಗರು ವಾಡಿಕೆಯಂತೆ, ಇನ್ನು ಓಸಿ ಆಡುವುದಿಲ್ಲವೆಂದು ಹೇಳಿಸಲು ಹೊರಟಾಗ ಮಾದೇವಿ ನಡುವೆ ಬಂದು ತಡೆದಿದ್ದಳು. ಗಂಡನ ಮಾತಿನ ಹಾದಿಗಳೆಲ್ಲ ಅವಳಿಗೆ ತಿಳಿದಿದ್ದವು. ಆಡಲಿಲ್ಲ, ಬೇರೊಬ್ಬರಿಗಾಗಿ ಬರೆದುಕೊಟ್ಟೆ ಎನ್ನುವನು. ಓಸಿಯಲ್ಲ, ಬೇರೆ ಆಟ ಎನ್ನುವನು. ಆದ್ದರಿಂದ ಅವಳೇ ಒಂದೊಂದು ಮಾತನ್ನೂ ಜೋಡಿಸಿ ಹೇಳಿಸಿದಳು: ಯಾವ ಕಾಗದದ ಮೇಲೂ, ಯಾವ ಕಾರಣಕ್ಕೂ, ಯಾರಿಗಾಗಿಯೂ ನನ್ನ ಕೈಯಿಂದ ಒಂದಂಕಿಯನ್ನೂ ಬರೆಯಲಾರೆ. ಬರೆದರೆ ತಾನು ಮಗಳನ್ನು ಕರೆದುಕೊಂಡು ಮನೆ ಬಿಡುವೆನೆಂದು ಅದೇ ಕಾಯಿಯ ಮೇಲೆ ಅವಳೂ ಕೈಯಿಟ್ಟಳು. ಅಂದಿನಿಂದ ಶಾಂತಾರಾಮ ಬ್ಯಾಂಕಿನ ಕಾಗದವನ್ನೂ ಮಗಳು ಪ್ರಗತಿಯ ಕೈಯಲ್ಲಿಯೇ ತುಂಬಿಸುವನು. ಊರಿನವರು ನಕ್ಕರು, ಅವನು ಬದಲಾಗಲಿಲ್ಲ.

ಈಗ ಮಾದೇವಿ ಚೀಟಿಯ ಮುಂದೆ ಕುಳಿತು ಯೋಚಿಸಿದಳು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳಾದರೂ ಮೀನು ಮಾರಿ ಹರಿತವಾದ ಬುದ್ಧಿ ಅವಳದು. ಒಂದರ ಹಿಂದೆ ಒಂದನ್ನು ತಪ್ಪದೆ ಹೊಂದಿಸುತ್ತಿತ್ತು. ಅಂಕಿಗಳು ಗಂಡನ ಕೈಬರಹವಲ್ಲ. ಮೂರೂ ಚೀಟಿಗಳನ್ನು ಬರೆದ ಕೈ ಒಂದೇ. ಪೇಟೆಯ ಚಹಾದಂಗಡಿಯಲ್ಲಿ ಆಯಾ ದಿನದ ಓಸಿ ಅಂಕಿ ಎಷ್ಟು ಬಂತೆಂದು ಅವಳು ಕಿವಿಗೊಟ್ಟು ತಿಳಿದುಕೊಂಡಿದ್ದಳು. ಚೀಟಿಯ ಒಂದು ಅಂಕಿಯೂ ಗೆದ್ದಿರಲಿಲ್ಲ. ಆಡಿದವನು ಸೋತರೆ ಮುಖ ಬಾಡಬೇಕು. ಇವನೋ ಗುರುವಾರದ ಬೆಳಗ್ಗೆ ಭಜನೆ ಹೇಳುತ್ತಾನೆ. ಆದ್ದರಿಂದ ಇವನು ಆಡುವವನಲ್ಲ. ಆಡುವವನಲ್ಲದಿದ್ದರೂ ಚೀಟಿ ಇದೆ. ಹಾಗಾದರೆ ಇವನು ಸಾಗಿಸುವವನು. ಬರೆಯುವವನು ಬೇರೆ, ಒಯ್ಯುವವನು ಇವನು. ಗೆರೆ ಎಳೆದ ಜಾಗಗಳು ಮುಂದೆ ಬರಲಿರುವ ಅಂಕಿಗಳಿಗಾಗಿ ಕಾಯ್ದಿರಿಸಿದವು; ಸುತ್ತು ಹಾಕಿದ 81 ಒಟ್ಟು ಜನರ ಎಣಿಕೆ. ಅವಳು ಅಷ್ಟು ಬಿಗಿಯಾಗಿ ಕಟ್ಟಿದ ಪ್ರಮಾಣದಲ್ಲಿ ಒಂದೇ ಒಂದು ಸಂದು ಉಳಿದಿತ್ತು, ತನ್ನ ಕೈ ಎಂಬ ಮಾತು. ಆ ಸಂದಿನಲ್ಲಿ ಅವನು ನುಸುಳಿದ್ದ.

ಆ ಸಂಜೆ ಶಾಂತಾರಾಮ ಒಣಗಿದ ಅಂಗಿಯ ಜೇಬನ್ನು ತಡಕಿ ನೋಡಿದ. ಹಗ್ಗದ ಕೆಳಗೆ, ಬಕೆಟ್ಟಿನ ಹಿಂದೆ, ಕೊನೆಗೆ ಒಲೆಯ ಬೂದಿಯಲ್ಲಿಯೂ ಕಣ್ಣಾಡಿಸಿದ. ಏನು ಹುಡುಕುತ್ತಿದ್ದಾನೆಂದು ಅವಳು ಕೇಳಲಿಲ್ಲ. ಏನು ಕಳೆದಿದೆ ಎಂದು ಅವನೂ ಹೇಳಲಿಲ್ಲ. ಕೇಳದೆ ಹುಡುಕುವವನ ಬೆನ್ನನ್ನು ನೋಡುತ್ತ ನಿಂತ ಆ ಅರೆಗಳಿಗೆಯಲ್ಲಿ ಮಾದೇವಿಯ ಸಂದೇಹ ನಿಶ್ಚಯವಾಯಿತು.

ಮಿಕ್ಕದ್ದನ್ನು ಬೊಮ್ಮಿ ತುಂಬಿಕೊಟ್ಟಳು. ಅಂಕೋಲೆಯ ಪೇಟೆಯಲ್ಲಿ ಮಾದೇವಿ ಒಣಮೀನಿನ ಬುಟ್ಟಿ ಇಟ್ಟುಕೊಂಡು ಕೂರುವ ಜಾಗದ ಪಕ್ಕದಲ್ಲಿಯೇ ಹರಿವೆ, ಬಸಳೆಗಳ ಕಟ್ಟು ಹರವಿಕೊಂಡು ಕೂರುವ ಹಾಲಕ್ಕಿ ಹೆಂಗಸು ಅವಳು. ಕೊರಳ ತುಂಬ ಕರಿಮಣಿ, ಬಾಯಿ ತುಂಬ ಎಲೆಯಡಿಕೆ.

"ಮಾದೇವೀ, ನಿನ್ ಗಂಡ ಬಲೆ ರಿಪೇರಿಗೆ ಹೋಗೂದು ಬೈತಖೋಲ ಬಂದರಕ್ಕೋ, ಕದ್ವಾಡಕ್ಕೋ?" ಎಂದು ಅವಳು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೇಳಿದಳು. "ನಮ್ಮ ಅಳಿಯ ಜಟ್ಟು ಅಲ್ಲಿ ಗದ್ದೆ ಕೆಲ್ಸಕ್ಕೆ ಹೋದಂವ ಎರಡು ಬುಧವಾರ ನೋಡ್ದ. ಶಾಲೆ ಹಿಂದೆ ದೇವಾನಂದ ಮಾಸ್ತರ ಮನೆಗೆ ಹೋಗ್ತಾನಂತೆ."

ಆ ಮನೆಯಲ್ಲಿ ಹೆಂಗಸರು ಯಾರಿದ್ದಾರೆಂದು ಮಾದೇವಿ ಕೇಳಿದಳು. ಕೇಳಿದ ಮೇಲೆ ಕೇಳಬಾರದಿತ್ತೆನಿಸಿತು.

"ಸೊಸೆ ಕಾರವಾರದ ಆಫೀಸಿಗೆ ಹೋಗ್ತದೆ. ಹಗಲೊತ್ತು ಎಂಬತ್ತು ವರ್ಷದ ಮಾಸ್ತರು, ಒಂದು ಬೆಕ್ಕು. ಬೆಕ್ಕು ಹೆಣ್ಣೋ ಗಂಡೋ ಜಟ್ಟು ನೋಡ್ಲಿಲ್ಲಂತೆ," ಎಂದು ಬೊಮ್ಮಿ ಎಲೆಯಡಿಕೆಯ ರಸವನ್ನು ಬದಿಗೆ ಉಗಿದಳು.

ಮಾದೇವಿ ನಗಲಿಲ್ಲ. ಬುಧವಾರದ ಬೆಳಗ್ಗೆ ಶಾಂತಾರಾಮ ಮನೆ ಬಿಡುವಾಗ ಬಲೆ ಹೆಣೆಯುವ ಸೂಜಿ ಗೋಡೆಯ ಸಂದಿನಲ್ಲಿಯೇ ಇರುತ್ತದೆ ಎಂಬುದನ್ನು ಅವಳು ಗಮನಿಸಿಯಾಗಿತ್ತು. ಸೂಜಿಯಿಲ್ಲದೆ ಬಲೆಯ ಕೆಲಸವೇನು? ಮುಂದಿನ ಬುಧವಾರ ಅವನು ಹೊರಟ ಅರ್ಧ ಗಂಟೆಗೆ ಅವಳೂ ಹೊರಟಳು. ಕೈಚೀಲದಲ್ಲಿ ನಾಲ್ಕು ಸೀರೆ, ಪ್ರಗತಿಯ ಕಾಲೇಜಿನ ಕಾಗದಪತ್ರ, ದೇವರ ಗೂಡಿನಲ್ಲಿದ್ದ ಅಮ್ಮನವರ ಸಣ್ಣ ಪಟ. ಕಾರವಾರದ ಹಬ್ಬುವಾಡದಲ್ಲಿ ಅವಳ ತಂಗಿ ರೂಪಾಳ ಮನೆ. ಪ್ರಗತಿ ಅಲ್ಲಿಂದಲೇ ಕಾಲೇಜಿಗೆ ಹೋಗುತ್ತಿದ್ದಳು. ಹಿಂಬದಿಯ ಕೋಣೆ ಖಾಲಿಯಿದೆಯೇ ಎಂದು ಫೋನಿನಲ್ಲಿ ಕೇಳಿದಾಗ ರೂಪಾ ಕಾರಣ ಕೇಳದೆಯೇ ಇದೆ ಎಂದಿದ್ದಳು. ಕದ್ವಾಡಕ್ಕೆ ಹೋಗಿ ಕಣ್ಣಾರೆ ನೋಡುವುದು. ಅಲ್ಲಿಂದ ನೇರ ಹಬ್ಬುವಾಡಕ್ಕೆ. ಬೆಳಂಬಾರದ ಮನೆಯ ಕೀಲಿಯನ್ನು ಅವಳು ನೆರೆಮನೆಯಲ್ಲಿ ಕೊಟ್ಟು ಬಂದಿದ್ದಳು.

ಮಾಸ್ತರರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದ ಬಾವಿಯ ಮೇಲೆ ಹಸುರು ನೈಲಾನಿನ ಬಲೆಯೊಂದನ್ನು ಎಳೆದು ಕಟ್ಟಿತ್ತು. ಹಲಸಿನೆಲೆಗಳು ನೀರಿಗೆ ಬೀಳದೆ ಅದರ ಮೇಲೆ ನಿಂತಿದ್ದವು. ಬಲೆಯ ಅಂಚಿನ ಹೆಣಿಗೆ ಯಾರದೆಂದು ಅವಳಿಗೆ ದೂರದಿಂದಲೇ ತಿಳಿಯಿತು. ಜಗುಲಿಯಲ್ಲಿ ಒರಗು ಕುರ್ಚಿಯ ಮೇಲೆ ಕೃಶವಾದ ಮುದುಕರೊಬ್ಬರು ಕುಳಿತಿದ್ದರು. ಕಿವಿಯಲ್ಲಿ ತುಳಸಿಯ ಎಸಳು, ಹಣೆಯಲ್ಲಿ ಗಂಧ, ದಪ್ಪ ಕನ್ನಡಕದ ಹಿಂದೆ ಮಂಜಾದ ಕಣ್ಣು. ಶಾಂತಾರಾಮ ಕಾಣಲಿಲ್ಲ, ಅವನ ಕೊಡೆ ಮಾತ್ರ ಮೂಲೆಯಲ್ಲಿ ನೀರು ಸುರಿಸುತ್ತ ನಿಂತಿತ್ತು.

ಓಸಿ ಬರೆಯುವವರ ಮನೆಗೆ ಹೋಗಿ ಇದೇನು ಎಂದು ಕೇಳಿದರೆ ನಿಜ ಹೊರಬೀಳುವುದಿಲ್ಲ. ಗಿರಾಕಿಯಾಗಿ ಹೋಗಬೇಕೆಂದು ಅವಳು ಬಸ್ಸಿನಲ್ಲಿಯೇ ನಿಶ್ಚಯಿಸಿದ್ದಳು.

"ಯಾರದು?" ಎಂದರು ಮಾಸ್ತರರು, ಅವಳಿದ್ದ ಕಡೆಗಿಂತ ತುಸು ಬದಿಗೆ ನೋಡುತ್ತ.

"ಅಂಕೋಲೆಯಿಂದ ಬಂದೆ. ನಂದೂ ಒಂದು ನಂಬರು ಬರ್ಕೊಳ್ಳಿ."

"ಯಾವುದು?"

"ಇಪ್ಪತ್ತೇಳು."

ಮುದುಕರ ಮುಖ ಅರಳಿತು. "ಇಪ್ಪತ್ತೇಳು ಆಗ್ಲೇ ಬಂದು ನಡುವೆ ಕೂತದೆಯಲ್ಲ, ಬಾಯೀ. ಒಮ್ಮೆ ಬಂದದ್ದು ಮತ್ತೆ ಬರೂಕಾಗೂದಿಲ್ಲ. ಬೇರೆ ಹೇಳಿ."

ಮಾದೇವಿ ತಡವರಿಸಿದಳು. ಒಂದೇ ಅಂಕಿಗೆ ನೂರು ಜನ ಬಂದರೂ ಬರೆದುಕೊಳ್ಳದೆ ಬಿಡುವ ಓಸಿಯವನನ್ನು ಅವಳು ಕಂಡಿರಲಿಲ್ಲ. ಹಾಗಿದ್ದರೆ ಮೂವತ್ತಾರು ಎಂದಳು. ಅದೂ ಬಂದಿದೆ ಎಂದರು ಮಾಸ್ತರರು. ಬಳಿಕ ಏನೋ ಹೊಳೆದವರಂತೆ ಕೈ ಚಾಚಿ, ಈ ಅಂಕಿಗಳೆಲ್ಲ ನಿಮಗೆ ಎಲ್ಲಿ ಸಿಕ್ಕಿದವೆಂದು ಕೇಳಿದರು. ಅವಳು ಕುಪ್ಪಸದಿಂದ ಚೀಟಿ ತೆಗೆದು ಕೊಟ್ಟಳು. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಅರಳಿದ ಮುಖ ಬಿಗಿಯಿತು.

"ಇದು ನಾನು ಶಾಂತಾರಾಮನಿಗೆ ಕೊಟ್ಟದ್ದು. ಅಂವನ ಜೇಬಿನದ್ದು ನಿಮ್ಮ ಕೈಗೆ ಹೆಂಗೆ ಬಂತು?"

ಕಳ್ಳನನ್ನು ಹಿಡಿಯಲು ಬಂದವಳನ್ನೇ ಮುದುಕರು ಕಳ್ಳಿಯೆಂಬಂತೆ ನೋಡುತ್ತಿದ್ದರು. ಮಾದೇವಿ ಸೋಲಲಿಲ್ಲ.

"ಮುಂಚೆ ನೀವು ಹೇಳಿ ಮಾಸ್ತರ್ರೆ. ಇದ್ರಲ್ಲಿ ಗೆದ್ದಂವಗೆ ಎಂತಾ ಸಿಗ್ತದೆ?"

"ಮುಂದಿನ ಬುಧವಾರ ಇನ್ನೊಂದು ಚೀಟಿ ಸಿಗ್ತದೆ."

"ಮತ್ತೆ?"

"ಮತ್ತೆಂತಾ ಇಲ್ಲ."

"ಎಂತಾ ಇಲ್ದೆ ಯಾರಾದ್ರೂ ಅಂಕಿ ಆಡ್ತಾರಾ?"

"ಅಂವನೂ ಮೊದಲ್ನೇ ದಿನ ಇದನ್ನೇ ಕೇಳ್ದ," ಎಂದು ಮಾಸ್ತರರು ಕುರ್ಚಿಯ ಕೈಗಳನ್ನೂರಿ ನಿಧಾನವಾಗಿ ಎದ್ದರು. "ಬನ್ನಿ. ಕಣ್ಣು ನಿಮ್ಮದು ಚೆನ್ನಾಗದೆ, ಹಲಗೆ ನೋಡಿ."

ಗೋಡೆಗೆ ಒರಗಿಸಿದ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂಬತ್ತು ಮನೆಗಳ ಚೌಕ ಬರೆದಿತ್ತು. ಚೀಟಿಯದೇ ಚೌಕ, ಆದರೆ ಒಂದು ಮನೆಯೂ ಖಾಲಿಯಿರಲಿಲ್ಲ. 32, 13, 36. ಅದರ ಕೆಳಗೆ 31, 27, 23. ಅದರ ಕೆಳಗೆ 18, 41, 22. ಅಡ್ಡ ಕೂಡಿ, ಉದ್ದ ಕೂಡಿ, ಮೂಲೆಯಿಂದ ಮೂಲೆಗೆ ಕೂಡಿ, ಎಲ್ಲಿ ಕೂಡಿದರೂ ಎಂಬತ್ತೊಂದೇ ಬರಬೇಕು. ಒಂದು ಅಂಕಿ ಎರಡು ಬಾರಿ ಬರಬಾರದು. ಇಷ್ಟೇ ಆಟವೆಂದು ಮಾಸ್ತರರು ಹೇಳಿದರು. ತಾವು ಮೂರು ಮನೆ ತುಂಬಿ ಕೊಡುವುದು, ಶಾಂತಾರಾಮ ಆರು ಮನೆ ತುಂಬಿ ತರುವುದು. ಈ ಸಲದ್ದನ್ನು ಚೀಟಿ ಕಳೆಯುವ ಮೊದಲೇ, ಅದೇ ಬುಧವಾರದ ರಾತ್ರಿಯೇ ಅವನು ಕಂಡುಹಿಡಿದಿದ್ದನಂತೆ.

ಮಾದೇವಿ ಅವರ ಮಾತನ್ನು ನಂಬಲಿಲ್ಲ, ಕೂಡಿ ನೋಡಿದಳು. ಬಂಗಡೆಯನ್ನು ಐದೈದಾಗಿ ಬುಟ್ಟಿಗೆ ಎಸೆಯುತ್ತ ಎಣಿಸಿದ ತಲೆ ಅದು. ಮೂವತ್ತೆರಡು ಹದಿಮೂರು ನಲವತ್ತೈದು, ಮೂವತ್ತಾರು ಸೇರಿ ಎಂಬತ್ತೊಂದು. ಎರಡನೆಯ ಸಾಲು, ಎಂಬತ್ತೊಂದು. ಮೂರನೆಯದು. ಆಮೇಲೆ ಉದ್ದಕ್ಕೆ ಮೂರು. ಆಮೇಲೆ ಮೂಲೆಗಳು. ಎಂಟು ಬಗೆಯಲ್ಲಿ ಕೂಡಿದರೂ ಒಂದೇ ಬಂತು. ಎಂಟನೆಯದನ್ನು ಅವಳು ಎರಡು ಸಲ ಕೂಡಿದಳು. ತಪ್ಪು ಸಿಕ್ಕಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತೇನೋ. ಸುಳ್ಳು ಹೇಳುವವರು ಒಂದು ಕಡೆಯಲ್ಲಾದರೂ ಕೂಡಿಕೆ ತಪ್ಪುತ್ತಾರೆಂದು ಅವಳ ಅನುಭವ. ಇಲ್ಲಿ ಹಿಡಿಯಲು ಒಂದು ಎಳೆಯೂ ಇರಲಿಲ್ಲ.

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಮನುಷ್ಯ ಸರಿಯಿದ್ದಾನೆಂದು ಹೇಗೆ ನಂಬುವುದು? ಅವನು ಆರು ಮನೆ ತುಂಬಿದ ಎಂದರೆ ಬರೆದ ಎಂದೇ ಆಯಿತು. ತೆಂಗಿನಕಾಯಿಯ ಮೇಲಿಟ್ಟ ಕೈ ಅವಳಿಗೆ ನೆನಪಾಯಿತು.

"ಈ ಅಂಕಿ ಅಂವ ಬರೆದದ್ದಾ?"

"ಅಂವ ಬರೆಯೂದೆ?" ಮಾಸ್ತರರು ನಕ್ಕರು. "ಸುಣ್ಣದ ಕಡ್ಡಿ ಮುಟ್ಟೂದಿಲ್ಲ, ಪೆನ್ನು ಮುಟ್ಟೂದಿಲ್ಲ. ದೇವ್ರ ಮುಂದೆ ಆಣೆ ಹಾಕ್ಯಾನಂತೆ. ಹಲಗೆ ಕಾಗದ ಅಲ್ಲವಲ್ಲೋ ಅಂದೆ. ನೆಲದ ಮೇಲೆ ಬರೀ ಅಂದೆ. ಒಪ್ಪಿದ್ನೇ? ಆ ಆಣೆ ಹೆಣೆದೋರು ಯಾರೋ ಬಹಳ ಗಟ್ಟಿ ತಲೆ, ಬಾಯೀ. ನಾನು ನಲವತ್ತು ವರ್ಷ ಗಣಿತ ಕಲಿಸಿದಂವ, ಅದ್ರಲ್ಲಿ ಒಂದು ಸಂದು ಹುಡುಕೂಕೆ ಚೈತ್ರದಿಂದ ಒದ್ದಾಡ್ತೆ ಇದ್ದೆ."

ಮಾದೇವಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

ಚೈತ್ರದಲ್ಲಿ ಬಾವಿಗೆ ಬಲೆ ಹೊದಿಸಲು ಬಂದವನು ಹಲಗೆಯ ಮೇಲಿನ ಚೌಕವನ್ನು ಕಂಡು ಮುಖ ತಿರುಗಿಸಿದ್ದನಂತೆ. ಎರಡನೆಯ ದಿನ ಕದ್ದು ನೋಡಿದನಂತೆ. ಮೂರನೆಯ ದಿನ ಬಲೆಯ ಕೆಲಸ ಮುಗಿಸಿ, ಕೂಲಿ ತೆಗೆದುಕೊಂಡು, ಮೆಟ್ಟಿಲಿಳಿದವನು ತಿರುಗಿ ಬಂದು, ಅಂಕಿ ಕಂಡರೆ ಇನ್ನೂ ತನ್ನ ಕೈ ತುರಿಸುತ್ತದೆಂದೂ, ಪೇಟೆಗೆ ಹೋದರೆ ಆ ಅಂಗಡಿಯ ಮುಂದೆ ಕಾಲು ತಾನಾಗಿ ನಿಲ್ಲುತ್ತದೆಂದೂ, ಇದನ್ನು ಮನೆಯ ಯಾರಿಗೂ ಹೇಳಲಾರೆನೆಂದೂ ಅಪರಿಚಿತ ಮುದುಕರ ಮುಂದೆ ಹೇಳಿಬಿಟ್ಟನಂತೆ. ಕೈ ತುರಿಸಿದಾಗ ಇದನ್ನು ತುಂಬು ಎಂದು ಮಾಸ್ತರರು ಮೊದಲ ಚೀಟಿ ಕೊಟ್ಟರು. ಓಸಿಯಲ್ಲಿ ಯಾರೋ ತೆಗೆಯುವ ಅಂಕಿಗಾಗಿ ಕಾಯಬೇಕು. ಇಲ್ಲಿ ಬರುವ ಅಂಕಿ ಒಂದೇ, ಅದನ್ನು ತಾನೇ ಕಂಡುಹಿಡಿಯಬಹುದು. ಮೊದಮೊದಲು ಬಾಯಿಯಲ್ಲಿ ಹೇಳಿದ. ವಾರ ಕಳೆಯುವಷ್ಟರಲ್ಲಿ ಮರೆತು ಬರುತ್ತಿದ್ದ. ಕೊನೆಗೊಂದು ಬುಧವಾರದಿಂದ ಇಂಥವನ್ನು ತರತೊಡಗಿದನೆಂದು ಮಾಸ್ತರರು ಗೋಡೆಯ ಮೊಳೆಗೆ ಕೈಯಾಡಿಸಿ, ಅಲ್ಲಿ ತೂಗುತ್ತಿದ್ದ, ಅಂದು ತಂದ ಬಲೆನೂಲಿನ ಆರು ಎಳೆಗಳನ್ನು ಅವಳ ಕೈಗಿತ್ತರು.

ನೂಲಿನಲ್ಲಿ ಗಂಟುಗಳಿದ್ದವು. ಒಂದೆಳೆಯಲ್ಲಿ ಒಂದು ದೊಡ್ಡ ಗಂಟು, ಅದರ ಮುಂದೆ ಮೂರು ಸಣ್ಣವು. ಹತ್ತಕ್ಕೆ ದೊಡ್ಡದು, ಒಂದಕ್ಕೆ ಸಣ್ಣದು. ಹದಿಮೂರು.

"ನಂಗೂ ಒಳ್ಳೇದಾಯ್ತು. ಕಣ್ಣು ಮಬ್ಬಾದ ಮೇಲೆ ಅಂಕಿ ಕಾಣೂದು ಕಷ್ಟ, ಗಂಟು ಬೆರಳಿಗೆ ತಿಳೀತದೆ," ಎಂದರು ಮಾಸ್ತರರು.

ಮಾದೇವಿ ಆರೂ ಎಳೆಗಳನ್ನು ಬೆರಳಲ್ಲಿ ಎಣಿಸಿದಳು, ಹಲಗೆಯ ಆರು ಮನೆಗಳೊಡನೆ ತಾಳೆ ನೋಡಿದಳು. ನಲವತ್ತೊಂದರ ನಾಲ್ಕು ದೊಡ್ಡ ಗಂಟುಗಳಲ್ಲಿ ಒಂದನ್ನು ಬಿಚ್ಚಿ ಮತ್ತೆ ಕಟ್ಟಿದ ಗುರುತಿತ್ತು. ಅಲ್ಲಿ ನೂಲು ಸುಕ್ಕಾಗಿತ್ತು. ತಪ್ಪು ಮಾಡಿ ತಿದ್ದಿಕೊಂಡಿದ್ದ. ಈ ಆರು ಎಳೆ ಕಟ್ಟುವಾಗ ಅವನು ಮನೆಯ ಯಾವ ಮೂಲೆಯಲ್ಲಿ ಕುಳಿತಿದ್ದನೋ, ಆಗ ತಾನು ಏನು ಮಾಡುತ್ತಿದ್ದೆನೋ ಎಂದು ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಪ್ಲಾಸ್ಟಿಕ್ ಹಾಳೆಯನ್ನು ತಲೆಗೆ ಹೊದ್ದು, ಕೈಯಲ್ಲಿ ಕಾಳಿ ನದಿಯ ಚಿಪ್ಪಿಮೀನಿನ ಚೀಲ ಹಿಡಿದು ಬಂದ ಶಾಂತಾರಾಮ ಮೆಟ್ಟಿಲ ಬಳಿ ನಿಂತುಬಿಟ್ಟ. ಹೆಂಡತಿಯ ಕೈಯಲ್ಲಿ ನೂಲು. ಹೆಂಡತಿಯ ಕಂಕುಳಲ್ಲಿ ತುಂಬಿದ ಕೈಚೀಲ. ಅವನ ಕಣ್ಣು ನೂಲಿನ ಮೇಲೆ ಒಂದು ಕ್ಷಣ ನಿಂತು, ಚೀಲದ ಮೇಲೆ ಬಹಳ ಹೊತ್ತು ನಿಂತಿತು.

"ಹಬ್ಬುವಾಡಕ್ಕಾ?" ಎಂದು ಕೇಳಿದ.

"ಹೌದು."

ಅವನು ಚಿಪ್ಪಿಮೀನನ್ನು ಮೆಟ್ಟಿಲ ಮೇಲಿಟ್ಟು, ಅದರ ಪಕ್ಕದಲ್ಲಿಯೇ ಕುಳಿತ. ಮಾಸ್ತರರಿಗೆ ಆಗ ವಿಷಯ ತಿಳಿಯಿತು. ಗಟ್ಟಿ ತಲೆಯ ಮಾತಾಡಿದ್ದಕ್ಕೆ ನಾಲಗೆ ಕಚ್ಚಿಕೊಂಡವರಂತೆ, ಚಹಾ ಕಾಸುವೆನೆಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

"ಹೇಳೂಕೆ ಎಂತಾ ಆಗಿತ್ತು ನಿಮ್ಗೆ?" ಎಂದಳು ಮಾದೇವಿ.

"ಅಂಕಿ ಅಂದ್ರೆ ಸಾಕು, ನಿನ್ನ ಮುಖ ಹೆಂಗಾಗ್ತದೆ ಅಂತ ನಿಂಗೆ ಗೊತ್ತಿಲ್ಲ. ನಂಗೊಬ್ಬಂಗೇ ಗೊತ್ತು." ಅವನು ತಲೆಯೆತ್ತಲಿಲ್ಲ. "ಹೇಳಿದ್ರೆ ನಂಬ್ತೆ ಇದ್ಯಾ?"

ಹೌದೆಂದು ಹೇಳುವುದು ಸುಲಭವಿತ್ತು.

"ಇಲ್ಲಾ," ಎಂದಳು.

ಒಳಗಿನಿಂದ ಪಾತ್ರೆಯ ಸದ್ದು ಕೇಳಿಸಿತು. ಬೆಕ್ಕು ಬಂದು ಚಿಪ್ಪಿಮೀನಿನ ಚೀಲವನ್ನು ಮೂಸಿ ಹೋಯಿತು. ಚಹಾ ತಂದ ಮಾಸ್ತರರು, ಪ್ರಮಾಣ ಮಾಡಿಸಿದವರು ಮತ್ತೆ ಗುಡಿಗೆ ಹೋಗಿ ಕಾಯಿ ಒಡೆಸಿ ಕೇಳಿಕೊಂಡರೆ ಅಮ್ಮನವರು ಬಿಡುಗಡೆ ಕೊಡುವರೆಂದೂ, ಅದಕ್ಕೆ ಶಾಸ್ತ್ರದ ಅಡ್ಡಿ ಇಲ್ಲವೆಂದೂ ಮೆತ್ತಗೆ ಹೇಳಿದರು. ಮಾದೇವಿ ಚಹಾದ ಲೋಟವನ್ನು ಕೆಳಗಿಟ್ಟು, ಬಿಡಿಸುವುದಿಲ್ಲ ಎಂದಳು. ನಾನೂ ಕೇಳುವುದಿಲ್ಲ ಎಂದ ಶಾಂತಾರಾಮ. ಅವನ ದನಿಯಲ್ಲಿ ಮುನಿಸು ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಹೊರಡುವಾಗ ಮಾಸ್ತರರು ಹೊಸ ಚೀಟಿಯನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಇಬ್ಬರ ನಡುವೆ ಚಾಚಿದರು. ತೆಗೆದುಕೊಂಡವಳು ಮಾದೇವಿ.

ಕಾರವಾರದ ಬಸ್‌ನಿಲ್ದಾಣದಲ್ಲಿ ಮಳೆ ಇನ್ನಷ್ಟು ಬಿರುಸಾಯಿತು. ಒಂದು ಬದಿಯಲ್ಲಿ ಊರೊಳಗಿನ ಬಸ್ಸು, ಹಬ್ಬುವಾಡದ ಮೇಲೆ ಹೋಗುವುದು. ಇನ್ನೊಂದು ಬದಿಯಲ್ಲಿ ಅಂಕೋಲೆಯ ಬಸ್ಸು, ಚಾಲಕ ಆಗಲೇ ಹತ್ತಿ ಕುಳಿತಿದ್ದ. ಶಾಂತಾರಾಮ ಎರಡರ ನಡುವೆ ಕೊಡೆ ಹಿಡಿದು ನಿಂತ. ಯಾವುದರ ಕಡೆಗೂ ಹೆಜ್ಜೆ ಇಡಲಿಲ್ಲ. ಮಾದೇವಿ ಪ್ರಗತಿಗೆ ಫೋನು ಮಾಡಿ, ಚಿಕ್ಕಮ್ಮನಿಗೆ ಕೋಣೆ ಗುಡಿಸುವ ಕೆಲಸ ಬೇಡವೆಂದು ಹೇಳು ಎಂದಳು. ಏಕೆಂದು ಮಗಳು ಕೇಳುತ್ತಿದ್ದಂತೆಯೇ ಫೋನು ಇಟ್ಟು, ಅಂಕೋಲೆಯ ಬಸ್ಸು ಹತ್ತಿದಳು. ಅವನು ಚೀಲವನ್ನು ಮೇಲೆ ಇಡುವೆನೆಂದು ಕೈ ನೀಡಿದ. ಅವಳು ಕೊಡದೆ ತೊಡೆಯ ಮೇಲೆಯೇ ಇಟ್ಟುಕೊಂಡಳು.

ಬಸ್ಸು ಬಿಣಗಾ ದಾಟಿತು. ಬಲಬದಿಯಲ್ಲಿ ಆಗಾಗ ಕಡಲು ಕಂಡು ಮರೆಯಾಗುತ್ತಿತ್ತು, ಬೂದುಬಣ್ಣದ್ದು. ಮಾದೇವಿ ಚೀಟಿಯನ್ನು ತೆಗೆದು ಚೀಲದ ಮೇಲೆ ಹರವಿದಳು. ಮೇಲಿನ ಎರಡು ಮೂಲೆಗಳಲ್ಲಿ 23, 26. ನಡುವೆ 19. ಕೆಳಗೆ ಸುತ್ತಿನೊಳಗೆ 57. ಶಾಂತಾರಾಮ ಕಿಟಕಿಯ ಕಡೆ ಮುಖ ಮಾಡಿದ್ದರೂ ಅವನ ಬೆರಳುಗಳು ಜೇಬಿನಿಂದ ನೂಲು ತೆಗೆದಿದ್ದವು. ಅರ್ಗಾದ ತಿರುವಿನಲ್ಲಿ ಬಸ್ಸು ವಾಲಿದಾಗ ಅವಳು ಓರೆಗಣ್ಣಿನಿಂದ ನೋಡಿದಳು: ಸಣ್ಣ ಗಂಟುಗಳು, ಒಂದರ ಪಕ್ಕ ಒಂದು.

ಅವಳು ಕೈ ಚಾಚಿದಳು. ಅವನು ಎಳೆಯನ್ನು ಕೊಟ್ಟ. ಅವಳು ಗಂಟುಗಳನ್ನು ಎಣಿಸಿದಳು, ಎಂಟು. ಬಳಿಕ ಅವನನ್ನು ಬಿಟ್ಟು ತಾನೇ ಬೇರೆಯಾಗಿ ಲೆಕ್ಕ ಹಾಕಿದಳು. ಇಪ್ಪತ್ತಮೂರು, ಇಪ್ಪತ್ತಾರು, ನಲವತ್ತೊಂಬತ್ತು. ಐವತ್ತೇಳಕ್ಕೆ ಎಂಟು ಬೇಕು. ಆಮೇಲೆ ಮುಂದಿನ ಸೀಟಿನ ವಿದ್ಯಾರ್ಥಿನಿಯ ಬಳಿ ಪೆನ್ನು ಕೇಳಿ ಪಡೆದು, ಬಸ್ಸಿನ ಕುಲುಕಾಟ ನಿಲ್ಲುವುದನ್ನು ಕಾದು, ಖಾಲಿ ಮನೆಯಲ್ಲಿ 8 ಎಂದು ಬರೆದಳು. ಬರೆಯುವ ಅಭ್ಯಾಸ ತಪ್ಪಿದ ಕೈ. ಅಂಕಿ ಗೆರೆಯ ಆಚೆಗೆ ಚಾಚಿಕೊಂಡಿತು.

"ಅದ್ರ ನೇರ, ಎಲ್ಲಕ್ಕಿಂತ ಕೆಳಗಿಂದು?" ಎಂದು ಕೇಳಿದಳು.

ಅವನು ಎಡಗೈಯಿಂದ ಇನ್ನೊಂದು ಎಳೆಯನ್ನು ಚೀಲದ ಮೇಲಿಟ್ಟ. ಮೂರು ದೊಡ್ಡ ಗಂಟುಗಳು. ಅವಳು ಅದನ್ನೂ ಎಣಿಸತೊಡಗಿದಳು. ಅವನು ಕಾಯಿಯ ಮೇಲಿಟ್ಟಿದ್ದ ಬಲಗೈಯನ್ನು, ಪೆನ್ನಿನಿಂದ ದೂರ, ಕಿಟಕಿಯ ಸರಳುಗಳ ನಡುವಿನಿಂದ ಮೊಣಕೈಯವರೆಗೂ ಹೊರಗೆ ಚಾಚಿದ್ದ. ಬೆರಳುಗಳೆಲ್ಲ ಬಿಡಿಸಿದ್ದವು, ಮಳೆ ಅವುಗಳ ಮೇಲೆ ಸುರಿಯುತ್ತಿತ್ತು.